ಕಾಗಿಣಾ ಸೀಮೆಯ ಅರಿವಿಗೆ ಎಷ್ಟು ಅಂಕ?

ವಿಶ್ವಬ್ಯಾಂಕಿನ ಸಾಲದಲ್ಲಿ ನಡೆಯುವ ಯೋಜನೆಗೆ ಸಲಹೆಗಾರ ಸಂಸ್ಥೆಯನ್ನು ಆರಿಸುವಾಗ, ಆ ಸಂಸ್ಥೆ ಕಳಿಸಿದ ಪ್ರತಿ ಮುಖ್ಯ ತಜ್ಞರ ಹೆಸರಿಗೂ ಅಂಕ ಬೀಳುತ್ತದೆ. ಓದು ಮತ್ತು ಒಟ್ಟು ಅನುಭವಕ್ಕೆ ನೂರರಲ್ಲಿ 10ರಿಂದ 20. ಇದೇ ಬಗೆಯ ಕೆಲಸವನ್ನು ಹಿಂದೆ ಮಾಡಿದ್ದಾರೆಯೇ ಎಂಬುದಕ್ಕೆ 60ರಿಂದ 80. ಆ ಸೀಮೆ ಗೊತ್ತಿದೆಯೇ, ಅಲ್ಲಿನ ಭಾಷೆ ಬರುತ್ತದೆಯೇ, ಅಲ್ಲಿನ ಆಡಳಿತದ ರೀತಿ ತಿಳಿದಿದೆಯೇ ಎಂಬ ಎಲ್ಲ ಪ್ರಶ್ನೆಗಳಿಗೂ ಸೇರಿ ಸೊನ್ನೆಯಿಂದ 10.

ಕಲಬುರಗಿ ಜಿಲ್ಲೆಯ ಕಾಗಿಣಾ ನದಿಯ ಸೀಮೆಯನ್ನೇ ನೋಡಿ: ಸೇಡಂ ಕಡೆಯ ಕರಿಮಣ್ಣನ್ನು ಎಷ್ಟು ಅಡಿ ಅಗೆದರೆ ಪರಸಿ ಕಲ್ಲು ಸಿಗುತ್ತದೆ, ಶಹಾಬಾದಿನ ಯಾವ ಓಣಿಯಲ್ಲಿ ಪೈಪು ಹಾಕಲು ಕಲ್ಲು ಒಡೆಯಲೇಬೇಕಾಗುತ್ತದೆ, ಚಿಂಚೋಳಿಯ ತಾಂಡಾದಲ್ಲಿ ಬೇಸಿಗೆಗೂ ಬತ್ತದ ಬಾವಿ ಯಾವುದು, ವಾಡಿಯ ಕಾರ್ಮಿಕರ ಕಾಲೊನಿಗೂ ಹಳೆ ಊರಿಗೂ ನೀರಿನ ವ್ಯವಸ್ಥೆ ಹೇಗೆ ಬೇರೆ, ಚಿತ್ತಾಪುರದ ಹಳ್ಳಿಯೊಂದರಲ್ಲಿ ಸಭೆ ಕರೆದರೆ ಯಾರು ಬರುತ್ತಾರೆ, ಯಾರು ಬಂದರೂ ಬಾಯಿ ತೆರೆಯುವುದಿಲ್ಲ... ಇದೆಲ್ಲ ಆ ಹತ್ತು ಅಂಕದೊಳಗೇ ಹಿಡಿಯಬೇಕು. ಯೋಜನೆ ಗೆಲ್ಲುವುದೋ ಸೋಲುವುದೋ ಎಂಬುದು ಮಾತ್ರ ಬಹಳ ಮಟ್ಟಿಗೆ ಇವೇ ಸಂಗತಿಗಳ ಮೇಲೆ ನಿಂತಿರುತ್ತದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತ್ತು. ಅವುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದಲ್ಲೇ ಇದ್ದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿವೆ. ವಾಡಿ ಚಿತ್ತಾಪುರ ತಾಲ್ಲೂಕಿನದೇ; ಶಹಾಬಾದ್ ಆಗ ಅದೇ ತಾಲ್ಲೂಕಿನೊಳಗಿದ್ದು ಈಚೆಗೆ ತಾನೇ ತಾಲ್ಲೂಕಾಗಿದೆ. ಹೀಗೆ ಹಿಂದುಳಿದ ಸೀಮೆ ಎಂಬ ಕಾರಣಕ್ಕೇ ಇಲ್ಲಿಗೆ ನೀರಿನ, ಭೂಮಿಯ, ರಸ್ತೆಯ ಯೋಜನೆಗಳು ಬರುತ್ತವೆ. ಪ್ರತಿ ಯೋಜನೆಯ ಹಣದಲ್ಲೂ ಒಂದು ಪಾಲು ಸಲಹಾ ಸೇವೆಗೆಂದು ಮೀಸಲು: ಸರ್ವೆ, ವಿವರವಾದ ಯೋಜನಾ ವರದಿ (ಡಿಪಿಆರ್), ವಿನ್ಯಾಸ, ಮೇಲ್ವಿಚಾರಣೆ, ಪರಿಸರ ಮತ್ತು ಸಾಮಾಜಿಕ ಅಧ್ಯಯನ, ಮೌಲ್ಯಮಾಪನ. ಆ ಪಾಲು ದಿಲ್ಲಿ, ಮುಂಬೈ, ಹೈದರಾಬಾದ್, ಬೆಂಗಳೂರಿನ ಕಚೇರಿಗಳನ್ನು ದಾಟಿ ಇಲ್ಲಿಗೆ ತಲುಪುವ ಹೊತ್ತಿಗೆ, ಮನೆ ಮನೆಗೆ ಹೋಗಿ ಫಾರಂ ತುಂಬುವ ಹುಡುಗ ಹುಡುಗಿಯರ ದಿನಗೂಲಿಯಷ್ಟು ಉಳಿದಿರುತ್ತದೆ. ಇದು ಬದಲಾಗಬಲ್ಲದು ಎಂಬುದು ನನ್ನ ನಂಬಿಕೆ. ಹೇಗೆ ಎಂದು ತಿಳಿಯಬೇಕಾದರೆ ಈ ಗುತ್ತಿಗೆಗಳನ್ನು ಗೆಲ್ಲುವ ಬಗೆ ಏನೆಂದು ಮೊದಲು ತಿಳಿಯಬೇಕು.

ಪರಊರಿನ ತಜ್ಞರನ್ನು ಕರೆಸಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ, ತಪ್ಪೂ ಅಲ್ಲ. ಈ ಊರುಗಳೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ರಾಜಧಾನಿಯನ್ನೇ ಕೊಚ್ಚಿತು. ಮುಂಬೈ ಪ್ರಾಂತ್ಯದ ನೌಕರಿಯಿಂದ ಹೊರಬಂದಿದ್ದ ಎಂ. ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ 1909ರಲ್ಲಿ ವಿಶೇಷ ಸಲಹಾ ಎಂಜಿನಿಯರ್ ಆಗಿ ಕರೆಸಿಕೊಂಡಿತು. ಪ್ರವಾಹ ತಡೆಯಲು ಮೇಲ್ಭಾಗದಲ್ಲಿ ಜಲಾಶಯ ಕಟ್ಟಬೇಕೆಂಬ ಅವರ ಸಲಹೆಯಿಂದ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ಆ ಮೂಸಿ ಹುಟ್ಟುವ ವಿಕಾರಾಬಾದ್ ಕಡೆಯ ಗುಡ್ಡಗಳಲ್ಲೇ ನಮ್ಮ ಕಾಗಿಣೆಯೂ ಹುಟ್ಟುತ್ತದೆ. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಕನ್ನಡಿಗರೊಬ್ಬರ ಸಲಹೆ ಪೂರ್ವದ ನದಿಗೆ ಸಂದಿತು. ರಾಷ್ಟ್ರಕೂಟರ ಮಳಖೇಡವನ್ನು ಬಳಸಿ ಭೀಮೆಗೆ ಸೇರುವ ಪಶ್ಚಿಮದ ನದಿಗೆ ಅಂಥ ಗಮನ ಸಿಗಲಿಲ್ಲ.

ವಿಶ್ವಬ್ಯಾಂಕಿನಿಂದ ಭಾರತಕ್ಕೆ ಮೊದಲ ಸಾಲ ಬಂದದ್ದು 1949ರಲ್ಲಿ, 3.4 ಕೋಟಿ ಡಾಲರ್, ರೈಲ್ವೆಗಾಗಿ. 1966ರಲ್ಲಿ ಮನಿಲಾದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಆರಂಭವಾಯಿತು. ಬ್ರಿಕ್ಸ್ ದೇಶಗಳು ಶಾಂಘೈನಲ್ಲಿ ಕಟ್ಟಿದ ನ್ಯೂ ಡೆವಲಪ್‌ಮೆಂಟ್ ಬ್ಯಾಂಕಿನ ಮೊದಲ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಕೆ.ವಿ. ಕಾಮತ್. ಬ್ಯಾಂಕಿನ ತುದಿಯಲ್ಲಿ ಕನ್ನಡ ನಾಡಿನವರು ಕೂತಿದ್ದರು. ಬ್ಯಾಂಕಿನ ಹಣದಲ್ಲಿ ನಡೆಯುವ ಕೆಲಸದ ಬುಡದಲ್ಲಿ, ನಮ್ಮದೇ ಊರುಗಳಲ್ಲಿ, ಕನ್ನಡದವರು ತಜ್ಞರ ಸ್ಥಾನದಲ್ಲಿ ಕಾಣುವುದು ಕಡಿಮೆ.

ನಮಗೆ ತೀರ ಹತ್ತಿರದ ಉದಾಹರಣೆ ಕಲಬುರಗಿ ನಗರದ ನೀರು. 2004ರಲ್ಲಿ ವಿಶ್ವಬ್ಯಾಂಕ್ ಕರ್ನಾಟಕದ ನಗರ ನೀರು ಸುಧಾರಣಾ ಯೋಜನೆಗೆ ಸುಮಾರು 3.95 ಕೋಟಿ ಡಾಲರ್ ಸಾಲ ಕೊಟ್ಟಿತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಬಡಾವಣೆಗಳಲ್ಲಿ ದಿನದ 24 ಗಂಟೆಯೂ ನಲ್ಲಿಯಲ್ಲಿ ನೀರು ಬರುವಂತೆ ಮಾಡಿ ತೋರಿಸುವುದು ಅದರ ಮುಖ್ಯ ಕೆಲಸ. ಕೆಲವು ದಿನಗಳಿಗೊಮ್ಮೆ ಬರುವ ನೀರಿಗಾಗಿ ಕೊಡ, ಡ್ರಮ್ಮು ಸಾಲಿಟ್ಟು ಕಾಯುತ್ತಿದ್ದ ಮಂದಿಗೆ ಇದು ನಂಬಲಾಗದ ಮಾತಾಗಿತ್ತು. ಕೆಲಸ ಗೆದ್ದದ್ದು ಫ್ರಾನ್ಸಿನ ವಿಯೋಲಿಯಾ ಸಮೂಹದ ಕಂಪನಿ. ಅವಧಿ 42 ತಿಂಗಳು. ಶುಲ್ಕದ ಒಂದು ಭಾಗ ನಿಶ್ಚಿತ, ಇನ್ನೊಂದು ಭಾಗ ಗುರಿ ಮುಟ್ಟಿದರೆ ಮಾತ್ರ. 2008ರ ಹೊತ್ತಿಗೆ ಆ ಬಡಾವಣೆಗಳಲ್ಲಿ ನಿಜವಾಗಿಯೂ ಹಗಲು ರಾತ್ರಿ ನೀರು ಬಂತು. ಅದನ್ನು ಒಪ್ಪಲೇಬೇಕು.

ಆ ಕಂಪನಿಗೆ ಈ ಕೆಲಸ ಏಕೆ ದಕ್ಕಿತು? ದೊಡ್ಡ ನಗರಗಳಿಗೆ ಬಿಡುವಿಲ್ಲದೆ ನೀರು ಕೊಟ್ಟ ಅನುಭವ ಭಾರತದಲ್ಲಿ ಅಪರೂಪವಾಗಿದ್ದ ಕಾಲ ಅದು. 'ಇದೇ ಬಗೆಯ ಕೆಲಸ' ಎಂಬ ಅಂಕಣ ತುಂಬಲು ಯುರೋಪಿನ ಕಂಪನಿಗೆ ಯಾವ ಕಷ್ಟವೂ ಇರಲಿಲ್ಲ. ಹೀಗೆ ಅನುಭವ ಇದ್ದವರಿಗೇ ಮತ್ತೆ ಅನುಭವ ಸಿಗುತ್ತದೆ. ಆದರೂ ಆ ಸುತ್ತು ಬಿಡಿಸಲಾಗದ್ದಲ್ಲ. ಸೋರಿಕೆ ಹುಡುಕುವುದು, ಮೀಟರ್ ಕೂರಿಸುವುದು, ಒತ್ತಡ ಅಳೆಯುವುದು, ಬಿಲ್ಲು ಕಟ್ಟಲು ಜನರನ್ನು ಒಪ್ಪಿಸುವುದು ಇವೆಲ್ಲ ಕಲಬುರಗಿಯ ಬೀದಿಗಳಲ್ಲೇ ನಡೆದವು. ಆ ಬೀದಿಗಳಲ್ಲಿ ದುಡಿದ ಸ್ಥಳೀಯ ಎಂಜಿನಿಯರ್ ತಾನು ಮಾಡಿದ್ದನ್ನು ಸರಿಯಾಗಿ ಬರೆದಿಟ್ಟುಕೊಂಡಿದ್ದರೆ, ಅವರ ಸಿವಿಗೆ ಅಂದಿನಿಂದಲೇ ಬೆಲೆ ಬಂದಿದೆ. ಮುಂದೆ 2016ರಲ್ಲಿ ಇಡೀ ನಗರಗಳಿಗೆ ಇದನ್ನು ಹಬ್ಬಿಸಲು ವಿಶ್ವಬ್ಯಾಂಕ್ 10 ಕೋಟಿ ಡಾಲರ್ ಸಾಲ ಒಪ್ಪಿತು. ಗುತ್ತಿಗೆ ಈ ಸಲ ಭಾರತದ್ದೇ ಎಲ್‌ ಅಂಡ್‌ ಟಿ ಕಂಪನಿಗೆ ಹೋಯಿತು.

ಈಗ ಆಯ್ಕೆಯ ಒಳಗನ್ನು ನೋಡೋಣ. ಇಲ್ಲಿನ ಸಿವಿಲ್ ಗುತ್ತಿಗೆದಾರರಿಗೆ ಟೆಂಡರ್ ಎಂದರೆ ಕಡಿಮೆ ದರ ಹಾಕಿದವನಿಗೆ ಕೆಲಸ. ಸಲಹಾ ಸೇವೆಯಲ್ಲಿ ಹಾಗಲ್ಲ. ಮೊದಲು ಆಸಕ್ತಿ ಪತ್ರ ಕರೆಯುತ್ತಾರೆ. ಅದರಲ್ಲಿ ದರ ಇರುವುದಿಲ್ಲ, ಸಂಸ್ಥೆಯ ಅನುಭವವಷ್ಟೇ. ಅದರಿಂದ ಕಿರುಪಟ್ಟಿ. ಪಟ್ಟಿಯಲ್ಲಿದ್ದವರಿಗೆ ಮಾತ್ರ ಆರ್‌ಎಫ್‌ಪಿ, ಅಂದರೆ ಪ್ರಸ್ತಾವ ಸಲ್ಲಿಸಿ ಎಂಬ ಆಹ್ವಾನ, ಹೋಗುತ್ತದೆ. ಅವರು ಎರಡು ಲಕೋಟೆ ಕೊಡಬೇಕು, ಒಂದು ತಾಂತ್ರಿಕ, ಇನ್ನೊಂದು ಆರ್ಥಿಕ. ತಾಂತ್ರಿಕದಲ್ಲಿ ಕನಿಷ್ಠ ಅಂಕ ಬಾರದವರ ದರದ ಲಕೋಟೆ ತೆರೆಯುವುದೇ ಇಲ್ಲ. ವಿಶ್ವಬ್ಯಾಂಕಿನ 2011ರ ಮಾರ್ಗಸೂಚಿಯ ಪ್ರಕಾರ ತಾಂತ್ರಿಕ ಅಂಕಗಳಲ್ಲಿ ಸಂಸ್ಥೆಯ ಅನುಭವಕ್ಕೆ ಇದ್ದದ್ದು ಹೆಚ್ಚೆಂದರೆ 10. ಕೆಲಸದ ವಿಧಾನಕ್ಕೆ 20ರಿಂದ 50. ಮುಖ್ಯ ತಜ್ಞರಿಗೆ 30ರಿಂದ 60. ಜ್ಞಾನ ವರ್ಗಾವಣೆಗೆ 10ರವರೆಗೆ, ದೇಶದ ತಜ್ಞರ ಪಾಲುದಾರಿಕೆಗೆ 10ರವರೆಗೆ. ಕಂಪನಿಯ ದೊಡ್ಡ ಹೆಸರು ಕಿರುಪಟ್ಟಿಯ ಬಾಗಿಲು ದಾಟಿಸುತ್ತದೆ, ಬಾಗಿಲ ಒಳಗೆ ಗೆಲ್ಲಿಸುವುದು ಮನುಷ್ಯರು ಮತ್ತು ವಿಧಾನ.

ಬಳಿಕ ಎರಡೂ ಲಕೋಟೆಗಳ ತೂಕ ಕೂಡಿಸುತ್ತಾರೆ, ಸಾಮಾನ್ಯವಾಗಿ ಗುಣಕ್ಕೆ 80, ದರಕ್ಕೆ 20. ಒಂದು ಲೆಕ್ಕ ಹಾಕೋಣ. ಒಬ್ಬರಿಗೆ ತಾಂತ್ರಿಕ 88, ದರ 4.5 ಕೋಟಿ ರೂಪಾಯಿ. ಇನ್ನೊಬ್ಬರಿಗೆ 82, ದರ 3 ಕೋಟಿ. ಕಡಿಮೆ ದರದವರಿಗೆ ದರದ ಪೂರ್ತಿ ಅಂಕ; ಉಳಿದವರಿಗೆ ಅದೇ ಪ್ರಮಾಣದಲ್ಲಿ ಕಡಿತ. ಮೊದಲಿನವರಿಗೆ 83.7, ಎರಡನೆಯವರಿಗೆ 85.6, ಎರಡನೆಯವರು ಗೆದ್ದರು. ತೂಕವನ್ನು 90 ಮತ್ತು 10 ಮಾಡಿ ನೋಡಿ. ಮೊದಲಿನವರಿಗೆ 85.9, ಎರಡನೆಯವರಿಗೆ 83.8. ಅದೇ ಸಂಸ್ಥೆಗಳು, ಅದೇ ಕಾಗದ, ಅದೇ ದರ. ಗೆದ್ದವರು ಮಾತ್ರ ಬೇರೆ. ಅಂದರೆ ಸ್ಪರ್ಧೆ ಶುರುವಾಗುವ ಮುಂಚೆಯೇ ತಕ್ಕಡಿ ಕಟ್ಟಿದವರು ಅರ್ಧ ತೀರ್ಮಾನ ಮಾಡಿರುತ್ತಾರೆ.

ಆ ತಕ್ಕಡಿ ಕಟ್ಟುವವರು ಯಾರು? ನಮ್ಮಲ್ಲಿ ಅನೇಕರು ವಾಷಿಂಗ್ಟನ್ ಎಂದುಕೊಂಡಿದ್ದಾರೆ. ಅದು ನಿಜವಲ್ಲ. ಬ್ಯಾಂಕು ತನಗಾಗಿಯೇ ನೇಮಿಸಿಕೊಳ್ಳುವ ಸಲಹೆಗಾರರ ಮಾತು ಬೇರೆ. ಸಾಲದ ಯೋಜನೆಗಳಲ್ಲಿ ಸಲಹೆಗಾರರನ್ನು ನೇಮಿಸುವುದು ಸಾಲ ಪಡೆದ ಸರ್ಕಾರದ ಸಂಸ್ಥೆ. ಕೆಲಸದ ವ್ಯಾಪ್ತಿ, ಅಂದರೆ ಟಿಓಆರ್, ಬರೆಯುವುದು ಅದೇ. ಮಾದರಿ ದಾಖಲೆ ಬ್ಯಾಂಕಿನದು, ಅದರೊಳಗೆ 'ಸೊನ್ನೆಯಿಂದ 10' ಎಂಬಲ್ಲಿ ಸೊನ್ನೆ ಹಾಕಬೇಕೋ ಹತ್ತು ಹಾಕಬೇಕೋ ಎಂದು ತುಂಬುವುದು ನಮ್ಮವರು. ಬ್ಯಾಂಕು ನೋಡಿ ಆಕ್ಷೇಪಣೆ ಇಲ್ಲ ಎನ್ನುತ್ತದೆ ಅಥವಾ ತಿದ್ದಲು ಹೇಳುತ್ತದೆ. ನಗರ ಯೋಜನೆಗಳಲ್ಲಿ ಆ ಕೈ 1993ರಲ್ಲಿ ಸ್ಥಾಪನೆಯಾದ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮದ್ದು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ 27 ಕೋಟಿ ಡಾಲರಿನ ನೆರವಿನಲ್ಲಿ ಕಲಬುರಗಿಯೂ ಸೇರಿ ಉತ್ತರ ಕರ್ನಾಟಕದ ಊರುಗಳಿಗೆ ಬಂದ ನಗರಾಭಿವೃದ್ಧಿ ಕಾರ್ಯಕ್ರಮವನ್ನು ನಡೆಸಿದ್ದೂ ಇದೇ ನಿಗಮ.

ಹಾಗಾಗಿ ನಮ್ಮ ಅಹವಾಲು ಸಲ್ಲಬೇಕಾದ ಜಾಗ ಬೆಂಗಳೂರಿನಲ್ಲಿದೆ. ಈ ಭಾಗದ ಶಾಸಕರು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ನಗರಸಭೆ ಪುರಸಭೆಗಳು ಟಿಓಆರ್ ಸಿದ್ಧವಾಗುವ ಹಂತದಲ್ಲೇ ಕೇಳಬೇಕು. ತಂಡದ ಮುಖ್ಯಸ್ಥರಿಗೆ ಆಗದಿದ್ದರೂ ಸಾಮಾಜಿಕ ತಜ್ಞರಿಗೆ, ಸ್ಥಳ ಎಂಜಿನಿಯರಿಗೆ ಕನ್ನಡ ಕಡ್ಡಾಯ ಮಾಡಿ. ಚಿಂಚೋಳಿ, ಸೇಡಂ ಗಡಿಯಲ್ಲಾದರೆ ತೆಲುಗು, ಊರೊಳಗೆ ಉರ್ದು, ತಾಂಡಾಗಳಲ್ಲಿ ಲಂಬಾಣಿ ಬಲ್ಲವರು ತಂಡದಲ್ಲಿರಲಿ ಎಂದು ಬರೆಯಿರಿ. ಪ್ರದೇಶದ ಅನುಭವಕ್ಕೆ ಪೂರ್ತಿ 10 ಅಂಕ ಇಡಿ. ಇದರಲ್ಲಿ ಯಾವುದಕ್ಕೂ ನಿಯಮ ಅಡ್ಡ ಬರುವುದಿಲ್ಲ. ಆರ್‌ಎಫ್‌ಪಿ ಹೊರಟ ಮೇಲೆ ಮಾಡುವ ಹೋರಾಟಕ್ಕೆ ಪತ್ರಿಕೆಯಲ್ಲಿ ಜಾಗ ಸಿಗಬಹುದು, ಗುತ್ತಿಗೆಯಲ್ಲಿ ಸಿಗುವುದಿಲ್ಲ.

ಸ್ಥಳೀಯ ಅರಿವನ್ನು ಯೋಜನೆಯೊಳಗೇ ಹೆಣೆದ ಉದಾಹರಣೆಗಳು ನಮ್ಮಲ್ಲೇ ಇವೆ. 2001ರ ಕೊನೆಯಲ್ಲಿ ಒಪ್ಪಿಗೆಯಾದ ಜಲನಿರ್ಮಲ ಯೋಜನೆಯಲ್ಲಿ ಅಂದಿನ ಗುಲಬರ್ಗಾ ಸೇರಿ 11 ಜಿಲ್ಲೆಗಳಿದ್ದವು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ರಚಿಸುವುದು, ಊರಿನ ವಂತಿಗೆ ಕೂಡಿಸುವುದು, ಯಾವ ಮೂಲದ ನೀರು ಬೇಕೆಂದು ಊರನ್ನೇ ಕೇಳುವುದು ಇದಕ್ಕೆಲ್ಲ ಸ್ವಯಂಸೇವಾ ಸಂಸ್ಥೆಗಳನ್ನು ಬೆಂಬಲ ಸಂಸ್ಥೆಗಳಾಗಿ ನೇಮಿಸಿದ್ದರು. 2012ರಲ್ಲಿ ವಿಶ್ವಬ್ಯಾಂಕಿನ 6 ಕೋಟಿ ಡಾಲರ್ ನೆರವಿನಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಯ ಮೂರನೇ ಹಂತ ನನಗೆ ಇನ್ನೂ ಮೆಚ್ಚುಗೆಯದು. ಕಲಬುರಗಿ ಅದರ 11 ಜಿಲ್ಲೆಗಳಲ್ಲಿ ಒಂದು. ಕಿರುಜಲಾನಯನಗಳ ಹೊಲಗಳಲ್ಲಿ ಗುಂಡಿ ತೋಡಿ, ಪದರ ಪದರ ನೋಡಿ, ಸರ್ವೆ ನಂಬರಿನ ಮಟ್ಟದಲ್ಲಿ ಮಣ್ಣಿನ ನಕ್ಷೆ ಮಾಡುವುದು ಅದರ ಜೀವಾಳ. 1:7,920 ಪ್ರಮಾಣದ ನಕ್ಷೆ ಅದು. ತಾಲ್ಲೂಕಿನ ಸರಾಸರಿ ಹೇಳದೆ, ಈ ಹೊಲದಲ್ಲಿ ಮಣ್ಣು ಎಷ್ಟು ಆಳ, ಇಲ್ಲಿ ತೊಗರಿ ಹಿಡಿಯುತ್ತದೆಯೇ ಎಂದು ಹೇಳುತ್ತದೆ. ಈ ಕೆಲಸಕ್ಕೆ ಕೇಂದ್ರದ ಮಣ್ಣು ಸಮೀಕ್ಷಾ ಸಂಸ್ಥೆಯೊಂದಿಗೆ ರಾಯಚೂರಿನದೂ ಸೇರಿ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳು ಕೈಜೋಡಿಸಿದವು. ಈ ನೆಲದಲ್ಲಿ ಪಾಠ ಹೇಳುವವರೇ ಈ ನೆಲವನ್ನು ಓದಿದರು. ಅದರ ಮುಂದುವರಿಕೆಯಾಗಿ ಕರ್ನಾಟಕ, ಒಡಿಶಾಗಳಲ್ಲಿ ರಿವಾರ್ಡ್ ಕಾರ್ಯಕ್ರಮ ಬಂದಾಗ, ಇಲ್ಲಿ ಕಲಿತ ವಿಧಾನವನ್ನೇ ಬೇರೆಯವರಿಗೂ ಕಲಿಸುವ ಸ್ಥಿತಿಗೆ ಕರ್ನಾಟಕ ಬಂದಿತ್ತು.

ಇಷ್ಟಾದ ಮೇಲೆ ಸೇಡಂನ ನಿವೃತ್ತ ಎಇಇ, ಶಹಾಬಾದಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಎಂಜಿನಿಯರ್, ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಓದಿ ಊರಿಗೆ ಮರಳಿದ ಹುಡುಗಿ, ಚಿಂಚೋಳಿಯ ಸಣ್ಣ ಸ್ವಯಂಸೇವಾ ಸಂಸ್ಥೆ ಇವರೆಲ್ಲ ಎಲ್ಲಿಂದ ಶುರು ಮಾಡಬೇಕು?

ಸಿವಿಯಿಂದ. ನಮ್ಮ ಕಡೆಯ ಸಿವಿಗಳಲ್ಲಿ ಹುದ್ದೆಗಳ ಸಾಲು ಇರುತ್ತದೆ, ಮಾಡಿದ ಕೆಲಸ ಇರುವುದಿಲ್ಲ. 'ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಚಿತ್ತಾಪುರ' ಎಂಬುದಕ್ಕೆ ಮೌಲ್ಯಮಾಪಕರು ಅಂಕ ಕೊಡಲಾರರು. ಎಷ್ಟು ಹಳ್ಳಿಗಳ ಬಹುಗ್ರಾಮ ಯೋಜನೆ, ಯಾವ ನದಿಯಿಂದ, ಎಷ್ಟು ಕಿಲೋಮೀಟರ್ ಪೈಪು, ಯಾರ ಹಣ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಅದರಲ್ಲಿ ನಿಮ್ಮ ಪಾಲು ಏನು ಎಂದು ಬರೆದರೆ ಕೊಡಬಲ್ಲರು. ಆರಂಭದಲ್ಲಿ ಹೇಳಿದ 60ರಿಂದ 80 ಅಂಕಗಳು ಬೀಳುವುದು ಇಲ್ಲಿ. ಕೆಲಸ ಮುಗಿದಾಗಲೇ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಬೇಕು. ಅಧಿಕಾರಿ ವರ್ಗವಾಗಿ ಹೋದ ಮೇಲೆ ಅದು ಸಿಗುವುದು ಕಷ್ಟ. ಒಂದೇ ಹೆಸರನ್ನು ಎರಡು ಸಂಸ್ಥೆಗಳ ಪ್ರಸ್ತಾವದಲ್ಲಿ ಸೇರಿಸಲು ಆರ್‌ಎಫ್‌ಪಿ ಅನುಮತಿಸಿದ್ದರೆ ಮಾತ್ರ ಒಪ್ಪಬೇಕು. ಸಿವಿಯನ್ನು ಎರವಲು ಕೊಟ್ಟು, ಕೆಲಸ ಬಂದಾಗ ನಾನು ಬರಲಾರೆ ಎನ್ನುವುದು ಸಂಸ್ಥೆಗೂ ಹಾನಿ, ತಜ್ಞರಿಗೂ ಹಾನಿ. ಸರ್ಕಾರಿ ನೌಕರಿಯಲ್ಲಿ ಇರುವವರನ್ನು ಸಲಹೆಗಾರರಾಗಿ ಸೇರಿಸಿಕೊಳ್ಳಲು ಕಟ್ಟುನಿಟ್ಟಿನ ಮಿತಿಗಳಿವೆ, ನೌಕರಿಯಲ್ಲಿರುವುದನ್ನು ಮುಚ್ಚಿಡಬಾರದು.

ಒಬ್ಬೊಬ್ಬರಾಗಿ ಹೋಗುವವರಿಗೆ ವೈಯಕ್ತಿಕ ಸಲಹೆಗಾರರ ದಾರಿ ಇದೆ. ಅಲ್ಲಿ ದೊಡ್ಡ ಪ್ರಸ್ತಾವ ಬೇಕಿಲ್ಲ; ಅರ್ಹರ ಸಿವಿಗಳನ್ನು ಹೋಲಿಸಿ ಆರಿಸುತ್ತಾರೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಲಹೆಗಾರರ ಜಾಲತಾಣದಲ್ಲಿ ಹೆಸರು ನೋಂದಾಯಿಸಲು ಹಣ ಕೊಡಬೇಕಿಲ್ಲ. ಬ್ಯಾಂಕಿನಲ್ಲಿ ಹೆಸರು ಹಾಕಿಸುತ್ತೇನೆ, ಇಷ್ಟು ಕೊಡಿ ಎಂದು ಯಾರಾದರೂ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು.

ಸಂಸ್ಥೆಗಳಿಗೆ ಒಂದು ಸೂಕ್ಷ್ಮ ತಿಳಿದಿರಬೇಕು. ದೊಡ್ಡ ಕಂಪನಿಗಳು ಸ್ಥಳೀಯರನ್ನು ಉಪಸಲಹೆಗಾರರಾಗಿ ಸೇರಿಸಿಕೊಳ್ಳುತ್ತವೆ. ಆದರೆ ಕಿರುಪಟ್ಟಿ ಮಾಡುವಾಗ ಸಾಮಾನ್ಯವಾಗಿ ಎಣಿಕೆಗೆ ಬರುವುದು ಜಂಟಿ ಉದ್ಯಮದ ಪಾಲುದಾರರ ಅನುಭವ, ಉಪಸಲಹೆಗಾರರದ್ದಲ್ಲ. ಅಂದರೆ ನೀವು ಇಲ್ಲದೆ ಆ ಕಂಪನಿ ಕಿರುಪಟ್ಟಿಗೆ ಬಾರದು ಎನ್ನುವಂಥ ಅನುಭವ ನಿಮ್ಮಲ್ಲಿದ್ದರೆ, ಪಾಲುದಾರಿಕೆಯನ್ನೇ ಕೇಳುವ ಹಕ್ಕು ನಿಮಗಿದೆ. ಹಾಗೆ ಸೇರಿದ ಮೇಲೆ ಇಡೀ ಕೆಲಸಕ್ಕೆ ಎಲ್ಲರೂ ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆ. ಹಣವೂ ವರದಿ ಒಪ್ಪಿಗೆಯಾದ ಮೇಲೆ ಕಂತು ಕಂತಾಗಿ ಬರುತ್ತದೆ: ಆರಂಭಿಕ ವರದಿಗೆ ಇಷ್ಟು, ಮಧ್ಯಂತರಕ್ಕೆ ಇಷ್ಟು, ಅಂತಿಮಕ್ಕೆ ಇಷ್ಟು. ಮುಂಗಡ ಬೇಕೆಂದರೆ ಬ್ಯಾಂಕ್ ಗ್ಯಾರಂಟಿ ಕೊಡಬೇಕಾಗುತ್ತದೆ. ಕೆಲವು ತಿಂಗಳ ಸಂಬಳವನ್ನು ಕೈಯಿಂದ ಹಾಕುವ ಶಕ್ತಿ ಇಲ್ಲದ ಸಂಸ್ಥೆ ಮೊದಲ ಸಲವೇ ದೊಡ್ಡದಕ್ಕೆ ಕೈ ಹಾಕಬಾರದು.

ವಿಧಾನದ ಅಧ್ಯಾಯವನ್ನು ನಮ್ಮವರು ಗೆಲ್ಲಬಹುದಾದ ಕಣವೆಂದು ನಾನು ಎಣಿಸುತ್ತೇನೆ. ಅಲ್ಲಿ 50 ಅಂಕದವರೆಗೆ ಇರಬಹುದು. ದೂರದ ಕಂಪನಿ ಅಲ್ಲಿ ಯಾವ ಊರಿಗೂ ಹೊಂದುವ ಪುಟಗಳನ್ನು ಇಡುತ್ತದೆ. ನಮ್ಮವರು ಬರೆಯಬಹುದಾದದ್ದು ಹೀಗೆ: ಶಹಾಬಾದಿನಲ್ಲಿ ಪೈಪ್‌ಲೈನ್ ಸರ್ವೆಗೆ ಕಲ್ಲಿನ ಖಣಿಗಳ ಗಡಿ ಮೊದಲು ಗುರುತಿಸುತ್ತೇವೆ. ತೊಗರಿ ರಾಶಿಯ ತಿಂಗಳಲ್ಲಿ ಹಗಲು ಮನೆಗಳಲ್ಲಿ ಯಾರೂ ಇರುವುದಿಲ್ಲ, ಆಗ ಸಂಜೆ ಸಮೀಕ್ಷೆ ಮಾಡುತ್ತೇವೆ. ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋದ ಕುಟುಂಬಗಳನ್ನು ಬಿಟ್ಟರೆ ಅಂಕಿಅಂಶ ಸುಳ್ಳಾಗುತ್ತದೆ, ಅವರನ್ನು ಹಬ್ಬಕ್ಕೆ ಊರಿಗೆ ಬಂದಾಗ ಕಾಣುತ್ತೇವೆ. ತಾಂಡಾಗಳಲ್ಲಿ ಹೆಂಗಸರೊಂದಿಗೆ ಅವರ ಮಾತಿನಲ್ಲೇ ಹೆಂಗಸರೇ ಮಾತಾಡುತ್ತಾರೆ. ಇಂಥ ನಾಲ್ಕು ಸಾಲು ಬರೆಯಬಲ್ಲವರು ಇಲ್ಲಿದ್ದಾರೆ. ಅದನ್ನು ಕೆಲಸದ ಪಟ್ಟಿ, ಸಿಬ್ಬಂದಿ ತಿಂಗಳು, ವೇಳಾಪಟ್ಟಿಗೆ ಜೋಡಿಸಿ ಇಂಗ್ಲಿಷಿನಲ್ಲಿ ಬರೆಯುವ ಕಸುಬು ಕಲಿಸುವವರು ಬೇಕು. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಕಾಲೇಜುಗಳು, ಗುಲ್ಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಒಂದು ಸೆಮಿಸ್ಟರಿನ ಪಾಠವಾದೀತು ಇದು.

ಈ ಲೋಕದ ಕತ್ತಲೆಯನ್ನೂ ಹೇಳಬೇಕು. ದಿಲ್ಲಿಯ ನೀರು ಯೋಜನೆಗೆ ಸಲಹೆಗಾರರನ್ನು ಆರಿಸಿದ ಬಗೆಯ ಕಡತಗಳನ್ನು ಪರಿವರ್ತನ್ ಸಂಘಟನೆ ಮಾಹಿತಿ ಹಕ್ಕಿನಡಿ ಹೊರತೆಗೆದಾಗ, ಮೌಲ್ಯಮಾಪನದ ಬಗ್ಗೆ ಬ್ಯಾಂಕು ಮತ್ತೆ ಮತ್ತೆ ಆಕ್ಷೇಪ ಎತ್ತಿದ ಪತ್ರಗಳು ಸಿಕ್ಕವು. 2005ರಲ್ಲಿ ದೊಡ್ಡ ವಿವಾದವಾಗಿ ಆ ಯೋಜನೆಯೇ ನಿಂತಿತು. ಬ್ಯಾಂಕಿನ ನೌಕರರಿಗೆ ಅನುಚಿತ ಲಾಭ ಕೊಟ್ಟ ಕಾರಣಕ್ಕೆ ಸತ್ಯಂ, ವಿಪ್ರೊಗಳಂಥ ಕಂಪನಿಗಳನ್ನೂ ವಿಶ್ವಬ್ಯಾಂಕ್ ವರ್ಷಗಟ್ಟಲೆ ತನ್ನ ಗುತ್ತಿಗೆಗಳಿಂದ ದೂರವಿಟ್ಟಿತ್ತು. ಹೀಗೆ ನಿಷೇಧಿತರ ಪಟ್ಟಿ ಯಾರು ಬೇಕಾದರೂ ನೋಡುವಂತಿದೆ. ಪಾಲುದಾರಿಕೆಗೆ ಸಹಿ ಹಾಕುವ ಮುಂಚೆ ಅದನ್ನು ನೋಡಬೇಕು.

ಮುಂದಿನ ಅವಕಾಶ ದೂರವಿಲ್ಲ. ಕರ್ನಾಟಕದ ಗ್ರಾಮೀಣ ನೀರು ಪೂರೈಕೆಗೆ ವಿಶ್ವಬ್ಯಾಂಕ್ 2023ರಲ್ಲಿ 36.3 ಕೋಟಿ ಡಾಲರ್ ಒಪ್ಪಿದೆ. ಗುರಿ 20 ಲಕ್ಷ ಗ್ರಾಮೀಣ ಕುಟುಂಬಗಳು. ವಿಶ್ವಬ್ಯಾಂಕಿನ ಸಾಮಾನ್ಯ ಸಾಲ ಯೋಜನೆಗಳಲ್ಲಿ ಮೊದಲ 18 ತಿಂಗಳ ಖರೀದಿ ಯೋಜನೆಯನ್ನು ಮುಂಚಿತವಾಗಿ ಪ್ರಕಟಿಸುತ್ತಾರೆ. ಯಾವ ಸಲಹಾ ಕೆಲಸ, ಯಾವ ವಿಧಾನದ ಆಯ್ಕೆ, ಯಾವಾಗ ಎಂಬುದು ಅದರಲ್ಲೇ ಇರುತ್ತದೆ. ಪ್ರಕಟಣೆ ಬಂದ ಮೇಲೆ ಓಡುವುದಕ್ಕಿಂತ ಆ ಪಟ್ಟಿ ಓದಿ ಆರು ತಿಂಗಳು ಮುಂಚೆ ಪಾಲುದಾರರನ್ನು ಹುಡುಕುವುದು ಲೇಸು. ಅಂಥ ಪಟ್ಟಿಗಳಲ್ಲಿ ಕಲ್ಯಾಣ ಕರ್ನಾಟಕಕ್ಕೆ ಸಂಬಂಧಿಸಿದ್ದನ್ನು ಕನ್ನಡದಲ್ಲಿ ಜಿಲ್ಲಾ ಪಂಚಾಯಿತಿ, ಎಂಜಿನಿಯರಿಂಗ್ ಕಾಲೇಜುಗಳ ಫಲಕಕ್ಕೆ ಹಾಕಿಸುವುದು ಪ್ರದೇಶಾಭಿವೃದ್ಧಿ ಮಂಡಳಿಗೆ ಖರ್ಚಿನ ಕೆಲಸವೇನಲ್ಲ.

ಮೊದಲ ಸಲ ಸೋಲುವವರೇ ಹೆಚ್ಚು. ವಿಶ್ವಬ್ಯಾಂಕಿನ ಈಗಿನ ನಿಯಮದಲ್ಲಿ ಗುತ್ತಿಗೆ ಯಾರಿಗೆಂದು ತಿಳಿಸಿದ ಮೇಲೆ ಸಾಮಾನ್ಯವಾಗಿ ಹತ್ತು ಕೆಲಸದ ದಿನ ಸಹಿ ಹಾಕದೆ ಕಾಯಬೇಕು. ಸೋತವರು ಮೂರು ಕೆಲಸದ ದಿನಗಳೊಳಗೆ ಲಿಖಿತವಾಗಿ ಕೇಳಿದರೆ, ಅವರ ಪ್ರಸ್ತಾವ ಎಲ್ಲಿ ಹಿಂದೆ ಬಿತ್ತು ಎಂದು ಇಲಾಖೆ ವಿವರಿಸಬೇಕು. ಆ ಪತ್ರಕ್ಕೆ ಶುಲ್ಕವಿಲ್ಲ. ಸಿವಿಗೆ ಎಷ್ಟು ಬಂತು, ವಿಧಾನಕ್ಕೆ ಎಷ್ಟು ಬಂತು, ಪ್ರದೇಶದ ಅನುಭವಕ್ಕೆ ಇಟ್ಟಿದ್ದ ಅಂಕ ಎಷ್ಟು, ಅದರಲ್ಲಿ ತಮಗೆ ಸಿಕ್ಕಿದ್ದು ಎಷ್ಟು ಎಂದು ಸೇಡಂನಿಂದ ಒಂದು, ಚಿಂಚೋಳಿಯಿಂದ ಒಂದು ಪತ್ರ ಹೋಗುತ್ತಿದ್ದರೆ, ಮುಂದಿನ ಟಿಓಆರ್ ಬರೆಯುವವರ ಮೇಜಿನ ಮೇಲೆ ಈ ಊರುಗಳ ಹೆಸರು ಮೊದಲೇ ಇರುತ್ತದೆ.